ಗೌಡಸಾನಿಯ ಮೋಟಾರು ಮುಂಬೈಗೆ ಹೋದದ್ದು

ಸಾರಿಗೆ ಧಂದೆಗೆ ಹೊಸದಾಗಿ ಸೇರಿದ ಹುಡುಗರು ನಮ್ಮ ಜಲನಗರದ ಮನೆಗೆ ಆಗಾಗ ಬರುತ್ತಾರೆ. ಚಹಾ ಕುಡಿಯುತ್ತ ಅಂಗೈಯಲ್ಲಿನ ಫೋನು ತೋರಿಸಿ, "ಕಾಕಾ, ನಮ್ಮ ಗಾಡಿ ಈಗ ಪುಣೆ ದಾಟಿತು ನೋಡ್ರಿ" ಎನ್ನುತ್ತಾರೆ. ನಾನು "ಹೌದಾ!" ಎಂದು ಕಣ್ಣರಳಿಸುತ್ತೇನೆ. ಒಳಗೊಳಗೆ ಹೊಟ್ಟೆಕಿಚ್ಚು. ನಮ್ಮ ಕಾಲದಲ್ಲಿ ಲಾರಿಯೊಂದು ವಿಜಾಪುರದ ಸ್ಟೇಷನ್ ರಸ್ತೆ ಬಿಟ್ಟು ಹೊರಟಿತೆಂದರೆ, ಅದು ಮರಳಿ ಬಂದು ಆಫೀಸಿನ ಮುಂದೆ ನಿಲ್ಲುವ ತನಕ ಎಲ್ಲಿದೆ ಎಂಬುದು ಅದರ ಡ್ರೈವರನಿಗೆ ಮತ್ತು ದೇವರಿಗೆ ಮಾತ್ರ ಗೊತ್ತಿರುತ್ತಿತ್ತು. ಎಷ್ಟೋ ಸಲ ಡ್ರೈವರನಿಗೂ ಗೊತ್ತಿರುತ್ತಿರಲಿಲ್ಲ.

"ನೀವು ಕಲ್ತದ್ದು ಬರದಿಡ್ರಿ ಕಾಕಾ, ನಮಗೂ ಉಪಯೋಗ ಆಗತೈತಿ" ಎಂದು ಈ ಹುಡುಗರು ಬೆನ್ನು ಹತ್ತಿದ್ದಾರೆ. ನಾನು ಯಾವಾಗ ಹೆಡ್ ಕ್ಲಾರ್ಕ್ ಆದೆ, ಯಾವಾಗ ಮ್ಯಾನೇಜರನ ಕುರ್ಚಿಯಲ್ಲಿ ಕುಂತೆ ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ಅದನ್ನು ಬರೆದು ಏನು ಮಾಡುವುದು? ಮಾಡಿದ ತಪ್ಪುಗಳು ಮಾತ್ರ ಊರಿಗೆಲ್ಲ ನೆನಪಿವೆ. ಅವನ್ನೇ ಬರೆಯುತ್ತೇನೆ. ಅರವತ್ತರ ದಶಕದ ಆರಂಭದ ಮಾತಿದು. ನಾನಾಗ ಲಾರಿ ಆಫೀಸಿನ ಬುಕಿಂಗ್ ಕ್ಲಾರ್ಕು, ವಯಸ್ಸು ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಹೆಸರು ಸಂಗಪ್ಪ. ಕಂಪನಿಯ ಹೆಸರು ಬೇಡ, ಅದು ಮುಚ್ಚಿ ಬಹಳ ವರ್ಷವಾಯಿತು.

ಆಫೀಸೆಂದರೆ ಒಂದು ತಗಡಿನ ಛಪ್ಪರ, ಒಂದು ತಕ್ಕಡಿ, ಒಂದು ಮೇಜು ಮತ್ತು ಒಂದು ಕರಿಯ ಟೆಲಿಫೋನು. ಟೆಲಿಫೋನಿನ ಪಕ್ಕ ನಮ್ಮ ಮ್ಯಾನೇಜರು ವೆಂಕಟರಾಯರು. ರಾಯರು ಜನ್ಮದಲ್ಲಿ ಯಾರ ಮೇಲೂ ಒದರಾಡಿದವರಲ್ಲ. ಸಮಾಧಾನವಾಗಿದ್ದಾಗ "ಏ ಸಂಗ್ಯಾ, ನೀ ಬಾರೋ ಇಲ್ಲೆ" ಎನ್ನುತ್ತಿದ್ದರು. ಸಿಟ್ಟು ಬಂತೆಂದರೆ ಕನ್ನಡಕ ಸರಿಮಾಡಿಕೊಂಡು, "ಸಂಗಪ್ಪನವರ, ದಯಮಾಡಿ ಇತ್ಲಾಗ ಬರ್ರಿ" ಎನ್ನುತ್ತಿದ್ದರು. ಆ ಮರ್ಯಾದೆ ಕಿವಿಗೆ ಬಿದ್ದರೆ ಆಫೀಸಿನ ಹಮಾಲರೂ ಹಿಂದಿನ ಬಾಗಿಲಿಂದ ಜಾಗ ಖಾಲಿ ಮಾಡುತ್ತಿದ್ದರು.

ನನಗೆ ಆ ಮರ್ಯಾದೆ ಮೊದಲ ಸಲ ಸಿಕ್ಕಿದ್ದು ಬೆಲ್ಲದಿಂದ. ಸೇರಿದ ವರ್ಷದ ಬೇಸಿಗೆಯಲ್ಲಿ ಸೊಲ್ಲಾಪುರಕ್ಕೆ ಹೊರಟ ಲಾರಿಯಲ್ಲಿ ಇಳಕಲ್ಲ ಸೀರೆಯ ಗಂಟುಗಳನ್ನು ಕೆಳಗೆ ಹಾಕಿಸಿ ಮೇಲೆ ಬೆಲ್ಲದ ಪೆಂಟಿಗಳನ್ನು ಒಟ್ಟಿಸಿದೆ. ಭಾರದ್ದು ಕೆಳಗೆ, ಹಗುರಾದದ್ದು ಮೇಲೆ ಎಂಬಷ್ಟು ಸಾಮಾನ್ಯ ಬುದ್ಧಿಯೂ ಇರಲಿಲ್ಲ ನೋಡಿ. ನಮ್ಮ ಕಡೆಯ ಬಿಸಿಲು ಏನೆಂದು ಹೇಳಬೇಕೇ? ಸೊಲ್ಲಾಪುರ ಮುಟ್ಟುವುದರೊಳಗೆ ಬೆಲ್ಲ ಕರಗಿ ಸೀರೆಯ ಸೆರಗಿನಲ್ಲೆಲ್ಲ ಇಳಿದಿತ್ತು. ಸೀರೆಯ ವ್ಯಾಪಾರಿ ಬಂದ. ರಾಯರು ಕನ್ನಡಕ ಸರಿಮಾಡಿಕೊಂಡು, "ಸಂಗಪ್ಪನವರ ಜೋಡಿ ಮಾತಾಡ್ರಿ" ಎಂದು ಅವನನ್ನು ನನ್ನ ಮುಂದೆ ಕೂಡಿಸಿ ತಾವು ಎದ್ದು ಹೋದರು. ಆ ಪುಣ್ಯಾತ್ಮ ಬಯ್ಯಲಿಲ್ಲ. ಒಂದು ಸೀರೆ ಬಿಚ್ಚಿ ನನ್ನ ಮುಂದೆ ಹಿಡಿದು, "ತಗೋ, ನೆಕ್ಕು" ಎಂದ. ಅಂದಿನಿಂದ ಮೇಲೆ ಏನು ಕೆಳಗೆ ಏನು ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ.

ಇನ್ನು ಮೋಟಾರಿನ ವಿಷಯ. ಆಗ ನಾವು ಕಾರಿಗೆ ಮೋಟಾರು ಎನ್ನುತ್ತಿದ್ದೆವು. ದೀಪಾವಳಿ ಮುಗಿದ ಹೊಸತು. ಬಬಲೇಶ್ವರದಿಂದ ಒಂದು ಪತ್ರ ಬಂತು. 'ನಮ್ಮದೊಂದು ಹಳೆ ವಿಲಾಯತಿ ಮೋಟಾರು ಇರುತ್ತದೆ. ಅದು ಓಡುವುದಿಲ್ಲ. ಅದನ್ನು ಮುಂಬೈಗೆ ಮುಟ್ಟಿಸಬೇಕು. ನೀಲವ್ವ ಗೌಡಸಾನಿ.' ಅಷ್ಟೇ. ರಾಯರು ಪತ್ರವನ್ನು ಎರಡು ಸಲ ಓದಿ, "ಏ ಸಂಗ್ಯಾ, ನಾಳೆ ಬಬಲೇಶ್ವರಕ್ಕ ಹೋಗು. ಕಣ್ಣಿಲೆ ನೋಡು, ಟೇಪ್ ಹಿಡದು ಅಳತಿ ತಗೋ. ನೋಡದ ಮಾಲಿನ ಚೀಟಿ ಬರೀಬ್ಯಾಡ" ಎಂದರು.

ನಾನು ಟೇಪು ಹಿಡಿದುಕೊಂಡು ಬಸ್ಸು ಹತ್ತಿದೆ. ಬಬಲೇಶ್ವರದಲ್ಲಿ ಮನೆ ಸಲೀಸಾಗಿ ಸಿಕ್ಕಿತು. ಗೌಡಸಾನಿಗೆ ಅರವತ್ತರ ಮೇಲೆ ವಯಸ್ಸು. ಬೆಳ್ಳಗಿನ ಕೂದಲು, ಹಣೆಗೆ ಮೂರು ಬೆರಳಿನ ವಿಭೂತಿ, ತಲೆಯ ಮೇಲೆ ಸೆರಗು. ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ನಮಸ್ಕಾರ ಮಾಡಿ, "ಮೋಟಾರ ಎಲ್ಲೈತ್ರಿ ಅವ್ವಾರ?" ಎಂದೆ.

"ಘೋಣಸಗ್ಯಾಗ ಐತಿ" ಎಂದರು.

"ಮತ್ತ ಇಲ್ಲಿಂದ ಪತ್ರ ಬರದೀರಲ್ರಿ?"

"ಇದು ನನ್ನ ತವರಮನಿ. ತಮ್ಮನ ಕಡೆ ನಾಕ ದಿನ ಇರಾಕ ಬಂದೇನಿ. ಮೋಟಾರೂ ಸಂಗಾಟ ತರಬೇಕಿತ್ತೇನು?"

ಪತ್ರ ಬಂದ ಊರಲ್ಲೇ ಮಾಲು ಇರುತ್ತದೆ ಎಂದು ತಿಳಿಯಬೇಡಿರಪ್ಪ ಹುಡುಗರೇ, ಮೊದಲು ಮಾಲು ಯಾವ ಊರಲ್ಲಿದೆ ಎಂದು ಕೇಳಿರಿ. ಘೋಣಸಗಿ ಅಂದರೆ ಟಿಕೋಟಾದ ಕಡೆ. ಇಲ್ಲಿಂದ ವಿಜಾಪುರಕ್ಕೆ ಮರಳಿ, ಇನ್ನೊಂದು ಬಸ್ಸು ಹಿಡಿದು ಟಿಕೋಟಾಕ್ಕೆ ಹೋಗಿ, ಅಲ್ಲಿಂದ ನಡೆಯಬೇಕು. ನನಗೋ ಮೈಗಳ್ಳತನ. ಮೋಟಾರು ಎಷ್ಟು ದೊಡ್ಡದು ಎಂದು ಅವರನ್ನೇ ಕೇಳಿದೆ. ಗೌಡಸಾನಿ ಎದ್ದು ಪಡಸಾಲೆಯ ಒಂದು ಕಂಬದ ಹತ್ತಿರ ನಿಂತು, "ಇಲ್ಲಿ ಅದರ ಮೂತಿ ಅಂತ ತಿಳಕೋ" ಎಂದು ಹೇಳಿ, ನಡೆದುಹೋಗಿ ಗೋಡೆಯ ಗೂಡಿನ ಹತ್ತಿರ ನಿಂತು, "ಇಲ್ಲಿ ಬಾಲ" ಎಂದರು. ನಾನು ಟೇಪು ಬಿಚ್ಚಿ ಅವರ ತಮ್ಮನ ಪಡಸಾಲೆಯನ್ನು ಅಳೆದು, ಅದನ್ನೇ ಮೋಟಾರಿನ ಅಳತೆ ಎಂದು ಬರೆದುಕೊಂಡೆ.

ಬಳಿಕ ಗೌಡಸಾನಿ ಬುಟ್ಟಿ ಪಕ್ಕಕ್ಕಿಟ್ಟು, ಬಲಗಡೆ ಬಂದು ಕೂಡಲು ಹೇಳಿದರು. ಎಡಗಿವಿ ಪೂರ್ತಿ ಹೋಗಿತ್ತಂತೆ.

"ವಿಜಾಪುರದ ಡಾಕ್ಟರ ನೋಡಿ ಹೇಳ್ಯಾನ ತಮ್ಮಾ, ಬಲಗಿವೀನೂ ಬರೂ ಯುಗಾದಿ ದಾಟೂದಿಲ್ಲ ಅಂತ. ಕಿವಿ ಹೋಗಲಿ, ಬಯ್ಯೂದರ ಕೇಳೂದು ತಪ್ಪತೈತಿ. ಆದರ ಮುಚ್ಚೂದರೊಳಗ ಆ ಮೋಟಾರ ಸಪ್ಪಳ ಒಮ್ಮಿ ಕೇಳಬೇಕು ನಾ. ನಮ್ಮ ಗೌಡರು ಬರೂದು ನಂಗ ಆ ಸಪ್ಪಳದ ಮ್ಯಾಲಿಂದನ ತಿಳೀತಿತ್ತು. ಕೇಳಿದ ಕೂಡ್ಲೆ ಎದ್ದು ಬಾಗಲಕ್ಕ ಹೋಗ್ತಿದ್ನಿ."

ಅವರ ಗಂಡ ಗೌಡರು ತೀರಿ ಇಪ್ಪತ್ತು ವರ್ಷವಾಗಿತ್ತು. ಮೋಟಾರು ನಿಂತದ್ದೂ ಅದೇ ಸುಮಾರಿಗೆ. ವಿಜಾಪುರದ ಮಿಸ್ತ್ರಿಗಳು ಬಂದು, ಬಿಚ್ಚಿ, ಅರ್ಧ ಸಾಮಾನು ಕೂಡಿಸಿ, ಕೈ ಒರೆಸಿಕೊಂಡು ಹೋಗಿದ್ದರು. ಈಗ ಮುಂಬೈಯ ಒಬ್ಬ ಸೇಠ ಆ ಮೋಟಾರನ್ನು ಬಯಸಿದ್ದ. ಅವನಿಗೆ ಹಳೇ ಗಾಡಿಗಳ ಹುಚ್ಚು, ಮನೆಯಲ್ಲೇ ಕಾರಖಾನೆ ಇಟ್ಟಿದ್ದನಂತೆ. ಗೌಡಸಾನಿ ಹಾಕಿದ ಷರತ್ತು ಒಂದೇ: ಗಾಡಿ ಚಾಲೂ ಆದ ದಿನ ಟೆಲಿಫೋನಿನಲ್ಲಿ ಅದರ ಸಪ್ಪಳ ತನಗೆ ಕೇಳಿಸಬೇಕು, ಅದೂ ಯುಗಾದಿಯ ಒಳಗೆ. ಸೇಠ ಒಪ್ಪಿ ಬರೆದಿದ್ದ.

"ಲಗೂನ ಮುಟ್ಟಸ್ತೀಯೇನು ತಮ್ಮಾ?" ಎಂದರು.

"ನಿಮ್ಮ ಕಿವೀಗೆ ಸಪ್ಪಳ ಕೇಳ್ಸಲಿಲ್ಲ ಅಂದ್ರ ಕೇಳ್ರಿ" ಎಂದುಬಿಟ್ಟೆ. ನೋಡದ ಮೋಟಾರಿನ ಮೇಲೆ ಅಷ್ಟು ದೊಡ್ಡ ಮಾತು! ಆಫೀಸಿಗೆ ಬಂದು ರಾಯರಿಗೂ, "ನೋಡಿ ಬಂದ್ನಿರಿ, ಲಾರಿಯೊಳಗ ಬರೋಬ್ಬರಿ ಕೂಡತೈತಿ" ಎಂದು ಕಣ್ಣು ಮಿಟುಕಿಸದೆ ಹೇಳಿದೆ.

ಆಗ ಲಾರಿ ಮಹಾರಾಷ್ಟ್ರಕ್ಕೆ ಹೋಗಬೇಕೆಂದರೆ ಪರ್ಮಿಟ್ ಬೇಕು. ಅರ್ಜಿ ಕೊಟ್ಟು ಓಡಾಡಿ ಒಂದು ವಾರದ ಪರ್ಮಿಟ್ ತಂದೆ. ಸೋಮವಾರ ಮುಂಜಾನೆ ಶುರು, ಶನಿವಾರ ರಾತ್ರಿಗೆ ಮುಕ್ತಾಯ. ಅಷ್ಟರೊಳಗೆ ಲಾರಿ ಹೋಗಿ ಬರಬೇಕು. ತಪ್ಪಿದರೆ ಹೊಸ ಪರ್ಮಿಟ್ಟಿಗೆ ತಿಂಗಳು ಹಿಡಿಯುತ್ತಿತ್ತು, ಗೌಡಸಾನಿಯ ಕಿವಿ ಅಷ್ಟು ಕಾಯುವ ಹಾಗಿರಲಿಲ್ಲ. ನಾನು ಒಂದು ದಿನವೂ ಹಾಳಾಗದಂತೆ ಲೆಕ್ಕ ಹಾಕಿದೆ. ಘೋಣಸಗಿಗೆ ಕಾರ್ಡು ಬರೆದೆ: 'ಸೋಮವಾರ ಮುಂಜಾನೆ ಏಳಕ್ಕೆ ನಾಲ್ಕು ಜೋಡಿ ಗಟ್ಟಿ ಎತ್ತು ತಯಾರು ಇಡಬೇಕು. ಮೋಟಾರನ್ನು ಹಳ್ಳ ದಾಟಿಸಿ ಟಿಕೋಟಾ ರಸ್ತೆಯ ತನಕ ಎಳೆಯುವುದಿದೆ.' ಲಾರಿ ಹಳ್ಳದಲ್ಲಿ ಇಳಿಯುವ ಹಾಗಿಲ್ಲ ಎಂದು ಗೌಡಸಾನಿ ಮೊದಲೇ ಹೇಳಿದ್ದರು. ಅದನ್ನು ಆಚೆ ದಂಡೆಯಲ್ಲಿ ಹೊಲದ ಒಡ್ಡಿಗೆ ಹಿಂಬದಿ ಹಚ್ಚಿ ನಿಲ್ಲಿಸಲು ಡ್ರೈವರ್ ಶಂಕ್ರಪ್ಪನಿಗೆ ಹೇಳಿದ್ದೆ. ಆಗ ಕ್ರೇನಿಲ್ಲ, ಏನಿಲ್ಲ. ಒಡ್ಡಿನ ಎತ್ತರವೂ ಲಾರಿಯ ಹಲಗೆಯ ಎತ್ತರವೂ ಸರಿಹೊಂದಿದರೆ ಯಾವ ಭಾರದ ಮಾಲನ್ನೂ ನೂಕಿ ಏರಿಸಬಹುದು. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ, ಬರೆದುಕೊಳ್ಳಿ.

ಸೋಮವಾರ ಮುಂಜಾನೆ ಘೋಣಸಗಿಯಲ್ಲಿ ಗೌಡರ ವಾಡೆಯ ಮುಂದೆ ಹೋಗಿ ನಿಂತೆ. ಎತ್ತುಗಳು ಇದ್ದವು. ಏನು ಎತ್ತುಗಳು ಅಂತೀರಿ! ಮೈ ತೊಳೆದು ಮಿರಿಮಿರಿ ಮಿಂಚುತ್ತಿದ್ದವು, ಹಣೆಗೆ ವಿಭೂತಿ, ಮುಂದೆ ಹಸಿ ಮೇವು. ಆದರೆ ಎಲ್ಲ ಮಲಗಿ ಮೆಲುಕು ಹಾಕುತ್ತಿದ್ದವು. ನೊಗ ಗೋಡೆಗೆ ಒರಗಿತ್ತು. ಕಟ್ಟೆಯ ಮೇಲೆ ಇಪ್ಪತ್ತು ಮಂದಿ ಗಂಡಸರು ಕೂತು ನನ್ನನ್ನೇ ನೋಡುತ್ತಿದ್ದರು. ಗೌಡಸಾನಿಯ ಹೊಲ ಮಾಡುವ ಸಿದ್ದಪ್ಪನೆಂಬ ಹಿರಿಯ ನನ್ನ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡಿದ್ದ.

"ಬರ್ರಿ ಸಾಹೇಬ್ರ. ಇವತ್ತ ಏನ್ ವಾರ ಐತ್ರಿ?"

"ಸೋಮವಾರ" ಎಂದೆ.

"ಮತ್ತ?"

ಆಗ ತಿಳಿಯಿತು. ನಮ್ಮ ಸೀಮೆಯಲ್ಲಿ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ. ಹುಟ್ಟಿದಾಗಿನಿಂದ ನೋಡಿದ ಸಂಗತಿ. ನಾಲ್ಕು ವರ್ಷ ಆಫೀಸಿನ ಕುರ್ಚಿಯಲ್ಲಿ ಕೂತು, ರಜೆಯೆಂದರೆ ರವಿವಾರ ಮಾತ್ರ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

"ನಿಮ್ಮ ಚೀಟಿ ಬಂದಾಗ ನಾವು ಓದಿಸಿ ನಕ್ಕೀವ್ರಿ" ಎಂದ ಸಿದ್ದಪ್ಪ. "ಪ್ಯಾಟಿ ಮಂದಿ ಚೇಷ್ಟಿ ಮಾಡ್ಯಾರ ಅಂದ್ಕೊಂಡ್ವಿ. ನೀವು ಖರೇನ ಬಂದ್ರಿ."

ಶನಿವಾರ ಪರ್ಮಿಟ್ ಮುಗಿಯುತ್ತದೆ, ಇವತ್ತು ಬಿಟ್ಟರೆ ಲಾರಿ ಮುಂಬೈ ಮುಟ್ಟಿ ಬರುವುದಿಲ್ಲ ಎಂದು ಗೋಗರೆದೆ. ಒಂದೇ ಒಂದು ತಾಸು ಎಂದೆ. ಸಿದ್ದಪ್ಪ ಕೈಮುಗಿದ. "ನನ್ನ ಕೊಳ್ಳಿಗೆ ಬೇಕಾರ ಹಗ್ಗ ಹಾಕ್ರಿ, ಎತ್ತಿಗೆ ಮಾತ್ರ ಆಗೂದಿಲ್ರಿ" ಎಂದ. ಅಷ್ಟರಲ್ಲಿ ವಾಡೆಯ ಬಾಗಿಲಲ್ಲಿ ಗೌಡಸಾನಿ ಬಂದು ನಿಂತರು. ಮೋಟಾರನ್ನು ಕಳಿಸಿಕೊಡಲೆಂದು ಹಿಂದಿನ ದಿನವೇ ಬಬಲೇಶ್ವರದಿಂದ ಬಂದಿದ್ದರು. ಬಲಗಿವಿಯ ಹಿಂದೆ ಕೈ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡು, ನನ್ನ ಇಸ್ತ್ರಿ ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿದರು.

"ಸಿದ್ದಪ್ಪಾ, ಎತ್ತಿಗೆ ಇವತ್ತ ರಜಾ. ಈ ತಮ್ಮಂದು ರಜಾ ನಿನ್ನೇನ ಆಗೇತಿ. ಇವನ್ನ ಹೂಡ್ರಿ."

ಕಟ್ಟೆಯ ಮೇಲಿನ ಮಂದಿ ಹೋ ಎಂದು ನಕ್ಕರು. ನಕ್ಕವರೇ ಎದ್ದು ಪಂಚೆಯ ಕಚ್ಚೆ ಹಾಕಿದರು. ಆಗಲೇ ನಾನು ಮೋಟಾರನ್ನು ಮೊದಲ ಸಲ ನೋಡಿದ್ದು. ಜೋಳದ ಕಣಕಿಯ ಬಣವೆಯ ಹಿಂದಿನ ಕೊಟ್ಟಿಗೆಯಲ್ಲಿತ್ತು. ಹಿಂದಿನ ಸೀಟಿನಲ್ಲಿ ಎರಡು ಕೋಳಿ ಕಾವಿಗೆ ಕೂತಿದ್ದವು. ಟೈರುಗಳು ಸೀಳಿ ಹೋಗಿದ್ದವು. ನಾನು ನೋಡಿಯೇ ಇರಲಿಲ್ಲವಲ್ಲ, ಟೈರಿನ ಚಿಂತೆ ನನಗೆಲ್ಲಿಂದ ಬರಬೇಕು! ಪುಣ್ಯಕ್ಕೆ ಗೌಡರ ಕಾಲದ ಡ್ರೈವರ್ ಯಮನಪ್ಪ ಆ ಕೆಲಸ ಮುಗಿಸಿದ್ದ. ಸೀಳಿದ ಟೈರಿನೊಳಗೆ ಹೊಟ್ಟು ತುಂಬಿ, ಮೇಲೆ ಪುಂಡಿನಾರಿನ ಹಗ್ಗ ಬಿಗಿದು ಸುತ್ತಿದ್ದ. ಬಡಕಲು ಮೈಯ, ದೊಡ್ಡ ಮೀಸೆಯ ಮನುಷ್ಯ. ಖಾಕಿ ಕೋಟು ಹಾಕಿ, ತಲೆಗೆ ಡ್ರೈವರ್ ಟೋಪಿ ಇಟ್ಟು ಸ್ಟೇರಿಂಗಿನ ಮುಂದೆ ಕೂತಿದ್ದ.

"ಕಾಕಾ, ಸ್ವಲ್ಪ ಇಳದು ನೂಕ್ರಿ" ಎಂದೆ.

"ಡ್ರೈವರ ನೂಕೂದಿಲ್ರಿ ಸಾಹೇಬ್ರ" ಎಂದ.

ಹಗ್ಗದ ತುದಿಗೆ ನಾನು, ನನ್ನ ಹಿಂದೆ ಸಿದ್ದಪ್ಪ, ಅವನ ಹಿಂದೆ ಊರ ಗಂಡಸರು. ಹೊರಡುವ ಮುಂಚೆ ಒಬ್ಬ ಮುದುಕಿ ಬಂದು ಎತ್ತಿಗೆ ಹಚ್ಚಿದ ಹಾಗೆ ನನ್ನ ಹಣೆಗೂ ವಿಭೂತಿ ಬಳಿದಳು. "ಹೋ ಹೋ, ನಡೀ ರಾಜಾ" ಎಂದು ಹಿಂದಿನಿಂದ ಯಾರೋ ಕೂಗಿದರು. ಬೆನ್ನಿಗೆ ಬಾರುಕೋಲು ಬೀಳಲಿಲ್ಲ ಎನ್ನುವುದೊಂದೇ ಸಮಾಧಾನ. ರಸ್ತೆಯ ಬದಿಗೆ ಎತ್ತುಗಳು ಮಲಗಿ ಮೆಲುಕು ಹಾಕುತ್ತ ನನ್ನನ್ನು ನೋಡಿದವು. ನಾಚಿಕೆಯಿಂದ ನಾನು ಅವುಗಳ ಮುಖ ನೋಡಲಿಲ್ಲ.

ಹಳ್ಳದ ಇಳಿಜಾರಿಗೆ ಬರುವ ತನಕ ಎಲ್ಲ ಸರಿಯಿತ್ತು. ಅಲ್ಲಿ ಹಗ್ಗ ಸಡಿಲಾಯಿತು. ನಾವು ಎಳೆಯುವುದು ನಿಲ್ಲಿಸಿದೆವು, ಮೋಟಾರು ನಿಲ್ಲಲಿಲ್ಲ. "ಬ್ರೇಕ ಹಿಡೀರಿ ಕಾಕಾ!" ಎಂದು ಒದರಿದೆ. ಬ್ರೇಕು ಎಲ್ಲಿತ್ತು? ವಿಜಾಪುರದ ಮಿಸ್ತ್ರಿಗಳು ಅದನ್ನೂ ಬಿಚ್ಚಿ ಒಯ್ದಿದ್ದರು. ಇಪ್ಪತ್ತು ವರ್ಷ ನಿಂತ ಮೋಟಾರು ಹೊಟ್ಟಿನ ಟೈರಿನ ಮೇಲೆ ಕುಣಿಯುತ್ತ ನಮ್ಮ ಬೆನ್ನು ಹತ್ತಿತು. "ಓಡಾಕತ್ತೈತಿ! ಅವ್ವಾರ, ಓಡಾಕತ್ತೈತ್ರೀ!" ಎಂದು ಯಮನಪ್ಪ ಒಳಗಿಂದ ಖುಷಿಯಿಂದ ಕಿರುಚಿದ. ಕೋಳಿಗಳು ಕಿಟಕಿಯಿಂದ ಹಾರಿದವು. ಮಂದಿ ಎಡಕ್ಕೆ ಬಲಕ್ಕೆ ಜಿಗಿದರು, ನಾನು ಜಾಲಿಕಂಟಿಯಲ್ಲಿ ಬಿದ್ದೆ. ಮೋಟಾರು ಹಳ್ಳದ ಉಸುಕಿನಲ್ಲಿ ಹೋಗಿ ಹೂತು ತಾನಾಗಿಯೇ ನಿಂತಿತು. ಯಮನಪ್ಪ ಕೆಳಗಿಳಿದು, ಬಾಗಿಲು ಮುಚ್ಚಿ, ಟೋಪಿ ಸರಿಮಾಡಿಕೊಂಡ.

ಉಸುಕಿನಿಂದ ಅದನ್ನು ಕೀಳಲು ಮಧ್ಯಾಹ್ನವಾಯಿತು. ಗಾಲಿಯ ಕೆಳಗೆ ಕಣಕಿ ಹಾಸಿ, ಗೇಣು ಗೇಣು ಎಳೆದೆವು. ಒಡ್ಡಿನ ಮೇಲಿಂದ ಲಾರಿಯ ಹಲಗೆಗೆ ನೂಕಿದಾಗ ಮೂತಿಯಿಂದ ಬಾಲದ ತನಕ ಸರಿಯಾಗಿ ಕೂತಿತು, ಆಚೆ ಈಚೆ ಗೇಣು ಜಾಗ. ಬಬಲೇಶ್ವರದ ಪಡಸಾಲೆ ಮೋಸ ಮಾಡಲಿಲ್ಲ. ಇಲ್ಲಿ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಓಡದ ಗಾಡಿಯನ್ನು ಕಟ್ಟುವಾಗ ಮೈಗೆ ಹಗ್ಗ ಹಾಕಬೇಡಿ, ಅಚ್ಚಿಗೂ ಗಾಲಿಗೂ ಹಾಕಿ. ಸ್ಪ್ರಿಂಗು ಕುಣಿಯದ ಹಾಗೆ ಕೆಳಗೆ ಮರದ ದಿಮ್ಮಿ ಕೊಡಿ. ನಾವು ಇವತ್ತಿನ ಪಟ್ಟಿ ಕೊಂಡಿ ಇಲ್ಲದೆ ಕಣಕಿಯ ಸಿವುಡುಗಳನ್ನು ಸುತ್ತ ತುರುಕಿ ಕಳಿಸಿದೆವು, ಒಂದು ಗೀರೂ ಬೀಳಲಿಲ್ಲ.

ಯಮನಪ್ಪ ಮಾತ್ರ ಮೋಟಾರಿನಿಂದ ಇಳಿಯಲೊಲ್ಲ. ಅವನೂ ಮುಂಬೈಗೆ ಹೊರಟಿದ್ದ.

"ಅಂವನ್ನೂ ಒಯ್ಯಿ ತಮ್ಮಾ" ಎಂದರು ಗೌಡಸಾನಿ. "ಅದರ ಹೊಟ್ಯಾಗ ಎಲ್ಲೇನ ಐತಿ ಅಂತ ಅಂವಗೊಬ್ಬಗ ಗೊತ್ತು." ಬಳಿಕ ಹಲಗೆಯ ಹತ್ತಿರ ಹೋಗಿ, "ಯಮನ್ಯಾ, ಚಾಲೂ ಮಾಡಿಸಿ ಕೇಳಿಸದ ನನ್ನ ಮುಂದ ಮಾರಿ ತೋರ್ಸಬ್ಯಾಡ" ಎಂದರು.

"ಹೂಂನ್ರಿ ಅವ್ವಾರ" ಎಂದ ಅವನು. ಕಣ್ಣಲ್ಲಿ ನೀರಿತ್ತು, ಮೀಸೆ ಮಾತ್ರ ನೆಟ್ಟಗಿತ್ತು.

ಲಾರಿ ವಿಜಾಪುರಕ್ಕೆ ಬಂದಾಗ ಸ್ಟೇಷನ್ ರಸ್ತೆಯ ಅಂಗಡಿಯವರೆಲ್ಲ ಹೊರಗೆ ಬಂದು ನಿಂತರು. ನಾನು ಚೀಟಿಯಲ್ಲಿ 'ಹಳೆ ಮೋಟಾರು ಒಂದು, ಅದರ ಮನುಷ್ಯ ಒಬ್ಬ' ಎಂದು ಬರೆದೆ. ರಾಯರು ಓದಿ ಕನ್ನಡಕ ಸರಿಮಾಡಿಕೊಂಡರು. ನನ್ನ ಹಣೆಯ ವಿಭೂತಿ, ಹರಿದ ಪ್ಯಾಂಟು, ಮೈತುಂಬ ಮುಳ್ಳಿನ ಗೀರು ನೋಡಿದರು.

"ಸಂಗಪ್ಪನವರ, ನೀವು ಮೊದಲ ಹೋದಾಗ ಖರೇನ ಮೋಟಾರ ನೋಡಿದ್ರೇನ್ರಿ?"

"ಇಲ್ರಿ" ಎಂದೆ. ಸುಳ್ಳು ಹೇಳುವ ತಾಕತ್ತು ಉಳಿದಿರಲಿಲ್ಲ. ಸೋಮವಾರದ ಕಥೆಯನ್ನೂ ಹೇಳಿದೆ. ಅವರು ತಿರುಗಿ ಗೋಡೆ ನೋಡುತ್ತ ಬಹಳ ಹೊತ್ತು ನಿಂತರು. ಹೆಗಲು ಅಲುಗಾಡುತ್ತಿತ್ತು. ಮನುಷ್ಯ ನಗುತ್ತಿದ್ದಾರೆಂದು ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. "ಸೊಲ್ಲಾಪುರ ದಾಟೂ ತನಕ ನೀನೂ ಹೋಗು ಸಂಗ್ಯಾ" ಎಂದರು. 'ನೀನು' ಎಂದರಲ್ಲ, ಜೀವ ಬಂತು.

ಭೀಮಾ ನದಿಯ ಹತ್ತಿರ ಗಡಿಯ ನಾಕಾದಲ್ಲಿ ಪೊಲೀಸನೊಬ್ಬ ಲಾರಿ ನಿಲ್ಲಿಸಿದ. ಶಂಕ್ರಪ್ಪ ಕಾಗದ ಕೊಟ್ಟ. ಪೊಲೀಸ ಸುತ್ತ ಹೋಗಿ ಮೇಲೆ ನೋಡುತ್ತಾನೆ, ಲಾರಿಯ ಮೇಲೊಂದು ಮೋಟಾರು, ಮೋಟಾರಿನಲ್ಲೊಬ್ಬ ಟೋಪಿ ಹಾಕಿದ ಡ್ರೈವರು, ಎರಡೂ ಕೈ ಸ್ಟೇರಿಂಗಿನ ಮೇಲೆ. ಪಾಪ ಪೊಲೀಸನಿಗೆ ಗೊಂದಲವಾಯಿತೋ, ಚೇಷ್ಟೆ ಹುಟ್ಟಿತೋ, "ಲೈಸೆನ್ಸ್ ದಾಖವಾ" ಎಂದು ಮರಾಠಿಯಲ್ಲಿ ಕೇಳಿದ. ಯಮನಪ್ಪ ಇದಕ್ಕೇ ಇಪ್ಪತ್ತು ವರ್ಷದಿಂದ ಕಾಯುತ್ತಿದ್ದವನ ಹಾಗೆ ಕೋಟಿನ ಒಳಜೇಬಿನಿಂದ ತೆಗೆದುಕೊಟ್ಟ. ಬ್ರಿಟಿಷ್ ರಾಜನ ಮುದ್ರೆಯ ಲೈಸೆನ್ಸು! ಪೊಲೀಸ ತಿರುವಿ ತಿರುವಿ ನೋಡಿ, ಎರಡೂ ಕೈಯಿಂದ ಮರಳಿಸಿ, ಒಂದು ಸಲಾಮು ಹೊಡೆದು ಬಿಟ್ಟ.

ಮೋಟಾರು ಮುಂಬೈ ಮುಟ್ಟಿತು, ಲಾರಿ ಶನಿವಾರ ಸಂಜೆ ಮರಳಿತು. ನನ್ನ ಕೆಲಸ ಅಲ್ಲಿಗೆ ಮುಗಿಯಿತು ಎನ್ನಬಹುದಿತ್ತು. ಆದರೆ ಮಾತು ಕೊಟ್ಟಿದ್ದೆನಲ್ಲ. ಯಮನಪ್ಪ ಯಾರಿಂದಲೋ ಬರೆಸಿದ ಕಾರ್ಡುಗಳು ಬರತೊಡಗಿದವು. 'ಎಂಜಿನ್ ಬಿಚ್ಚಿದ್ದಾರೆ.' 'ಎಂಜಿನ್ ತೊಳೆದಿದ್ದಾರೆ.' 'ಒಂದು ಸಾಮಾನು ಇಲ್ಲಿ ಸಿಗುವುದಿಲ್ಲ, ವಿಲಾಯತಿಯಿಂದ ಹಡಗಿನಲ್ಲಿ ಬರಬೇಕು.' ಸಂಕ್ರಮಣ ಹೋಯಿತು, ಶಿವರಾತ್ರಿ ಹೋಯಿತು. ಗೌಡಸಾನಿ ಎರಡು ಸಲ ಟಿಕೋಟಾದಿಂದ ಬಸ್ಸು ಹತ್ತಿ ಆಫೀಸಿಗೆ ಬಂದು ಕೇಳಿದರು. ಮೊದಲ ಸಲ ನಾನು ಹೇಳಿದ್ದು ಕೇಳಿಸಿತು. ಎರಡನೆಯ ಸಲ ನಾನು ಕಿವಿಯ ಹತ್ತಿರ ಕೂಗಿ ಹೇಳಬೇಕಾಯಿತು. "ಹಡಗ ಬರತೈತಿ ತಗೋ" ಎಂದು ಅವರೇ ನನಗೆ ಸಮಾಧಾನ ಹೇಳಿ ಹೋದರು.

ಯುಗಾದಿಗೆ ಎಂಟು ದಿನ ಇರುವಾಗ ತಾರು ಬಂತು: ಮೋಟಾರು ಚಾಲೂ ಆಗಿದೆ, ಗುರುವಾರ ಹನ್ನೊಂದಕ್ಕೆ ಟ್ರಂಕ್ ಕಾಲ್, ಅವ್ವಾರು ಬರಲಿ. ನಾನು ಕುಣಿದಾಡಿಬಿಟ್ಟೆ. ಹಮಾಲರಿಗೆಲ್ಲ ಪೇಢಾ ಹಂಚಿದೆ.

ಗುರುವಾರ ಹತ್ತಕ್ಕೇ ಗೌಡಸಾನಿ ಬಂದು ಟೆಲಿಫೋನಿನ ಎದುರು ಕುರ್ಚಿಯಲ್ಲಿ ಕೂತರು. ಹೊಸ ಇಳಕಲ್ಲ ಸೀರೆ ಉಟ್ಟಿದ್ದರು. ರಾಯರು ಗಡಿಯಾರ ಕೈಯಲ್ಲಿ ಹಿಡಿದು ನಿಂತರು. ನಮ್ಮ ಆಫೀಸಿನಲ್ಲಿ ಟ್ರಂಕ್ ಕಾಲ್ ಮೂರು ನಿಮಿಷಕ್ಕಿಂತ ಒಂದು ಕ್ಷಣ ಹೆಚ್ಚಾಗಬಾರದು, ಅದು ರಾಯರ ಕಟ್ಟಾಜ್ಞೆ. ಮಾಲಕರೇ ಮಾತಾಡುತ್ತಿದ್ದರೂ ಮೂರು ನಿಮಿಷಕ್ಕೆ ಗುಂಡಿ ಒತ್ತಿ ಕಟ್ ಮಾಡಿದ ಮನುಷ್ಯ ಅವರು. ಹನ್ನೊಂದು ಹೋಗಿ ಹನ್ನೆರಡಾಯಿತು. ಹನ್ನೆರಡೂವರೆಗೆ ಟೆಲಿಫೋನಿನ ಗಂಟೆ ಹೊಡೆಯಿತು.

"ಸಾಹೇಬ್ರ, ನಾ ಯಮನಪ್ಪ ಮಾತಾಡಾಕತ್ತೇನ್ರಿ. ಅವ್ವಾರು ಬಂದಾರೇನ್ರಿ? ಅವರ ಕಿವೀಗೆ ಹಿಡೀರಿ. ಚಾಲೂ ಮಾಡ್ತೀನಿ."

ಗೌಡಸಾನಿ ಸೆರಗನ್ನು ಹೆಗಲಿಗೆ ಜಾರಿಸಿ ಬಲಗಿವಿಗೆ ಟೆಲಿಫೋನು ಒತ್ತಿ ಹಿಡಿದರು. ಸಪ್ಪಳ ಹೊರಗೂ ಸಣ್ಣಗೆ ಕೇಳುತ್ತಿತ್ತು, ನಾನು ಬಗ್ಗಿ ಕಿವಿ ಹಚ್ಚಿದೆ. ಮೊದಲು ಹ್ಯಾಂಡಲು ತಿರುವಿದ ಹಾಗೆ ಘರ್ರ್ ಘರ್ರ್ ಎಂದಿತು. ಒಂದು ಸಲ ತಪ್ಪಿತು. ಮತ್ತೆ ಘರ್ರ್ ಎಂದು, ಆಮೇಲೆ ಢಬ್ ಢಬ್ ಢಬ್ ಎಂದು ಹ್ಯಾಗೆ ಹಿಡಿಯಿತು ಅಂತೀರಿ! ಗೆದ್ದೆ ಎಂದುಕೊಂಡೆ.

ಆಗ ಮೋಟಾರು ಕೆಮ್ಮಿತು.

ಸೈಲೆನ್ಸರಿನ ಕೆಮ್ಮಲ್ಲ. ತಂಬಾಕು ತಿನ್ನುವ ಮನುಷ್ಯನ ಕೆಮ್ಮು. ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಒಂದು ಉಸಿರು ಎಳೆದುಕೊಂಡು, ಮತ್ತೆ ಢಬ್ ಢಬ್ ಎಂದು ಸುರುಮಾಡಿತು. ಹಡಗೂ ಬಂದಿರಲಿಲ್ಲ, ಸಾಮಾನೂ ಬಂದಿರಲಿಲ್ಲ. ಎಂಜಿನ್ ನಿಜಕ್ಕೂ ಚಾಲೂ ಆದದ್ದು ಮರುವರ್ಷ ಮಳೆಗಾಲ ಕಳೆದ ಮೇಲೆ, ಆ ಹೊತ್ತಿಗೆ ಗೌಡಸಾನಿಗೆ ಗುಡುಗೂ ಕೇಳುತ್ತಿರಲಿಲ್ಲ. ಅಂದು ಮುಂಬೈಯ ಟೆಲಿಫೋನಿನ ಮುಂದೆ ನಿಂತು ಯಮನಪ್ಪ ಬಾಯಿಂದ ಮೋಟಾರು ಓಡಿಸುತ್ತಿದ್ದ.

ಗೌಡಸಾನಿ ಕಣ್ಣು ಮುಚ್ಚಿ ಕೂತಿದ್ದರು. ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ತಮ್ಮಾ" ಎಂದರು. "ನಮ್ಮ ಯಮನ್ಯಾ ಬಾಯಿಲೆ ಮೋಟಾರ ಹೊಡ್ಯಾಕತ್ತಾನ."

"ತಪ್ಪಾತ್ರಿ ಅವ್ವಾರ, ನಂಗೂ ಗೊತ್ತಿರಲಿಲ್ರಿ, ಕೊಡ್ರಿ ಇಲ್ಲೆ, ಆ ಮುದುಕನ್ನ..." ಎಂದು ಟೆಲಿಫೋನಿಗೆ ಕೈ ಹಾಕಿದೆ. ಗೌಡಸಾನಿ ಫಟ್ಟೆಂದು ಕೈಗೆ ಹೊಡೆದರು.

"ಸುಮ್ನಿರೋ! ಈಗ ಟಿಕೋಟಾ ಬಿಟ್ಟೈತಿ." ಕಣ್ಣು ತೆರೆಯಲಿಲ್ಲ. "ಕೇಳು, ಗೇರ ಬದ್ಲಿ ಆತು... ಹಳ್ಳದಾಗ ಇಳೀತು... ಈಗ ದಂಡಿ ಏರೂವಾಗ ಒಮ್ಮಿ ಬಿಕ್ಕಳಿಸ್ತಿತ್ತು ಅದು. ನೋಡು, ಬಿಕ್ಕಳಿಸ್ತು! ಅಯ್ಯ ನನ್ನಪ್ಪಾ, ಇಪ್ಪತ್ತ ವರ್ಷ ಆತು, ಹುಚ್ಚಪ್ಪ ಒಂದ ಸಪ್ಪಳ ಮರತಿಲ್ಲಲ್ಲೋ!" ನಗುತ್ತಿದ್ದರು, ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ನಾನೂ ಅಳುತ್ತಿದ್ದೆ, ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ.

ಢಬ್ ಢಬ್ ನಡುವೆ ಎಕ್ಸ್‌ಚೇಂಜಿನ ಹೆಣ್ಣುಮಗಳ ದನಿ ತೂರಿ ಬಂತು, "ಮೂರು ನಿಮಿಷ ಆಯಿತು."

"ತಡಿ ಬೇ!" ಎಂದು ಗೌಡಸಾನಿ ಒದರಿದರು. "ಮೋಟಾರ ಇನ್ನ ಊರ ಅಗಸಿ ಮುಟ್ಟಿಲ್ಲ!"

ನಾನು ರಾಯರ ಕಡೆ ನೋಡಿದೆ. ರಾಯರು ಗಡಿಯಾರವನ್ನು ಜೇಬಿನೊಳಗೆ ಇಟ್ಟುಬಿಟ್ಟರು. ಬಗ್ಗಿ ಟೆಲಿಫೋನಿನ ಬಾಯಿಗೆ ತಮ್ಮ ಬಾಯಿ ಹಚ್ಚಿ, "ಚಾಲೂ ಇರಲಿ ತಾಯಿ" ಎಂದರು.

ಮೋಟಾರು ನಿಧಾನವಾಯಿತು. ಊರಬಾಗಿಲಾದ ಅಗಸಿಯ ಹತ್ತಿರ ಎರಡು ಸಲ ಹಾರ್ನ್ ಹೊಡೆಯಿತು. ಗೌಡಸಾನಿ ಟೆಲಿಫೋನು ಕಿವಿಯಿಂದ ತೆಗೆಯದೆಯೇ ಕುರ್ಚಿ ಬಿಟ್ಟು ಎದ್ದು ನಿಂತರು, ಹೆಗಲಿಗೆ ಜಾರಿದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಾಗಿಲ ಕಡೆ ನೋಡಿದರು.